ಮಾರ್ನಿಂಗ್ ಗ್ಲೋರಿ ಬಳ್ಳಿ: ಮೊಳೆಯದ ಬೀಜದಿಂದ ಬಾರದ ಹೂವಿನವರೆಗೆ, ದೋಷ ಹುಡುಕುವ ಬಗೆ

ಬೀಜದ ಪೊಟ್ಟಣದ ಹಿಂದೆ ಅಚ್ಚಾಗಿರುವ ಸೂಚನೆ ಮಲೆನಾಡಿಗೆಂದು ಬರೆದದ್ದಲ್ಲ. ಹಿಮದ ಭಯ ಹೋದ ಮೇಲೆ ಬಿತ್ತಿ, ಬೇಸಿಗೆ ಮುಗಿಯುವ ಹೊತ್ತಿಗೆ ಹೂ ನೋಡಿ ಎನ್ನುವುದು ಬೇರೆ ಸೀಮೆಯ ಲೆಕ್ಕ. ಅದನ್ನೇ ನಂಬಿ ಮೇ ಕೊನೆಗೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಬೀಜ ಹಾಕಿದರೆ, ಸಸಿ ನಾಲ್ಕೆಲೆ ಬಿಡುವಷ್ಟರಲ್ಲಿ ಮಳೆ ಹಿಡಿಯುತ್ತದೆ, ಜುಲೈ ಹೊತ್ತಿಗೆ ಬುಡ ಕೊಳೆತಿರುತ್ತದೆ. ಆಗ ತಪ್ಪೆಲ್ಲ ಬೀಜದ ಮೇಲೆ ಬೀಳುತ್ತದೆ. ಬೀಜವೇ ಕೆಟ್ಟಿರುವುದು ಅಪರೂಪ. ನಮ್ಮ ಕಡೆ ಈ ಬಳ್ಳಿ ಸೋಲುವುದು ಬಹುಪಾಲು ನಾಲ್ಕು ಕಾರಣಕ್ಕೆ: ಬುಡದಲ್ಲಿ ನಿಂತ ನೀರು, ಸಾಲದ ಬಿಸಿಲು, ಅತಿಯಾದ ಗೊಬ್ಬರ, ರಾತ್ರಿ ಉರಿಯುವ ದೀಪ. ಯಾವುದೆಂದು ತಿಳಿಯುವ ಮೊದಲೇ ನೀರನ್ನೋ ಔಷಧಿಯನ್ನೋ ಸುರಿದರೆ ಒಂದು ದೋಷದ ಮೇಲೆ ಇನ್ನೊಂದು ಸೇರಿಕೊಂಡು ಮೂಲ ಮುಚ್ಚಿಹೋಗುತ್ತದೆ. ಮೊದಲು ಕೆದಕಿ ನೋಡಿ, ಆಮೇಲೆ ಕೈ ಹಾಕಿ.

ಕೈಯಲ್ಲಿರುವುದು ಯಾವ ಬಳ್ಳಿ?

ಮಾರ್ನಿಂಗ್ ಗ್ಲೋರಿ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಜಾತಿಯ ಬೀಜ ಕೈ ಸೇರುತ್ತದೆ. ಮೂರೂ ಗೆಣಸಿನ ಕುಲದವು, ನಮ್ಮ ಅಂಗಳದ ಕಾಮಲತೆಯ ಹತ್ತಿರದ ನೆಂಟರು. ಮೂರರ ಸ್ವಭಾವ ಬೇರೆಯಾದ್ದರಿಂದ ಯಾವುದೆಂದು ಮೊದಲು ಗುರುತಿಸಿಕೊಳ್ಳಬೇಕು.

ಬಳ್ಳಿ ನುಣುಪಾಗಿದ್ದು, ರೋಮವೇ ಇಲ್ಲದೆ, ಎಲೆ ಹೃದಯದಾಕಾರದಲ್ಲಿದ್ದರೆ ಅದು ಐಪೋಮಿಯಾ ಟ್ರೈಕಲರ್. ಆಕಾಶನೀಲಿಯ ಹೆಸರಾಂತ 'ಹೆವನ್ಲಿ ಬ್ಲೂ' ಈ ಜಾತಿಯದು. ಬೀಜ ತುಸು ಉದ್ದ. ಹೂ ತಡ, ಬಿತ್ತಿದ 10ರಿಂದ 14 ವಾರಕ್ಕೆ. ಬಳ್ಳಿಯ ಮೇಲೆ ರೋಮವಿದ್ದು ಎಲೆ ಹೆಚ್ಚಾಗಿ ಹೃದಯದಾಕಾರದ್ದೇ ಆಗಿದ್ದರೆ ಐಪೋಮಿಯಾ ಪರ್ಪ್ಯುರಿಯಾ. ಕಡುನೇರಳೆ ಹೂವಿನ ನಡುವೆ ಕೆಂಪು ನಕ್ಷತ್ರವಿರುವ 'ಗ್ರಾಂಡ್‌ಪಾ ಆಟ್ಸ್' ಇದರದೇ ತಳಿ. ಬವೇರಿಯಾದಿಂದ ಅಮೆರಿಕಕ್ಕೆ ಹೋದ ಒಂದು ಕುಟುಂಬ ಕಾಪಾಡಿಕೊಂಡು ಬಂದ ಬೀಜವದು. 1975ರಲ್ಲಿ ಅಲ್ಲಿ ಹುಟ್ಟಿದ ಸೀಡ್ ಸೇವರ್ಸ್ ಎಕ್ಸ್‌ಚೇಂಜ್ ಎಂಬ ಬೀಜ ಉಳಿಸುವ ಸಂಸ್ಥೆಗೆ ಪ್ರೇರಣೆಯಾದ ಬೀಜಗಳಲ್ಲಿ ಇದೂ ಒಂದು. ಇದಕ್ಕೆ 7ರಿಂದ 9 ವಾರ ಸಾಕು. ರೋಮವೂ ಇದ್ದು, ಎಲೆ ಮೂರು ಸೀಳಾಗಿ, ಹೂವಿನ ಬುಡದ ಹಸಿರು ಪುಷ್ಪಪಾತ್ರೆಯ ತುದಿಗಳು ಉದ್ದಕ್ಕೆ ಚೂಪಾಗಿದ್ದರೆ ಅದು ಐಪೋಮಿಯಾ ನಿಲ್. ಜಪಾನಿನವರು ಎಡೊ ಕಾಲದಿಂದ (17ರಿಂದ 19ನೇ ಶತಮಾನ) ನೂರಾರು ಬಗೆಯಲ್ಲಿ ಬೆಳೆಸಿದ ಆಸಾಗಾವೊ ಇದೇ. ಇದಕ್ಕೆ ನಮ್ಮಲ್ಲಿ 6ರಿಂದ 8 ವಾರ.

ಹೀಗಾಗಿ 9ನೇ ವಾರಕ್ಕೆ ಮೊಗ್ಗು ಕಾಣಲಿಲ್ಲವೆಂದರೆ ಆಸಾಗಾವೊಗೆ ಅದು ದೋಷ, ಹೆವನ್ಲಿ ಬ್ಲೂಗೆ ಅಲ್ಲ.

ಬಿತ್ತುವ ಕಾಲವೇ ತಪ್ಪಿದೆಯೇ?

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆಯಾದರೂ ಎರಡಕ್ಕೂ ಒಂದೇ ಪಂಚಾಂಗ ನಡೆಯದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆರ್ದ್ರೆ, ಪುನರ್ವಸು, ಪುಷ್ಯ ಮಳೆಗಳಲ್ಲಿ ಬಯಲಿಗೆ ಬೀಜ ಹಾಕಲೇಬಾರದು. ಮಘೆ ಇಳಿದ ಮೇಲೆ, ಹುಬ್ಬೆ–ಉತ್ತರೆ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಬಿತ್ತಿದರೆ ಆಸಾಗಾವೊ ದೀಪಾವಳಿಯ ಆಸುಪಾಸಿಗೆ, ಹೆವನ್ಲಿ ಬ್ಲೂ ನವೆಂಬರ್ ಕೊನೆಯಿಂದ ಹೂ ಕೊಡುತ್ತದೆ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಏರುಮಡಿಯಲ್ಲಿ ಜೂನ್–ಜುಲೈ ಬಿತ್ತನೆಯೂ ನಡೆಯುತ್ತದೆ. ಮಾರ್ಚ್–ಏಪ್ರಿಲ್ ಬಿತ್ತನೆ ಎಲ್ಲಿಯೂ ಬೇಡ. 35 ಡಿಗ್ರಿ ದಾಟಿದ ಬಿಸಿಲಿಗೆ ಕುಂಡ ಕಾದು ಮೊಗ್ಗು ಉದುರುತ್ತದೆ, ಕೆಂಪು ನುಸಿ ಎಲೆಯ ಸಾರ ಹೀರುತ್ತದೆ.

14 ದಿನವಾದರೂ ಏನೂ ಮೇಲೆ ಬಂದಿಲ್ಲ

ಸಿಪ್ಪೆ ಕೆರೆದು ನೆನೆಸಿದ ಬೀಜ 25 ಡಿಗ್ರಿ ಸುಮಾರಿನ ಬೆಚ್ಚನೆಯಲ್ಲಿ 4ರಿಂದ 8 ದಿನಕ್ಕೆ ತಲೆ ಎತ್ತುತ್ತದೆ. ಎರಡು ವಾರ ಕಳೆದರೂ ಸುಳಿವಿಲ್ಲದಿದ್ದರೆ ಮತ್ತೆ ನೀರು ಹಾಕಬೇಡಿ. ಚಮಚದಲ್ಲಿ ಮಣ್ಣನ್ನು ಮೆಲ್ಲಗೆ ಎತ್ತಿ ಬೀಜ ಹುಡುಕಿ. ಅದು ಯಾವ ಸ್ಥಿತಿಯಲ್ಲಿ ಸಿಗುತ್ತದೆ ಎಂಬುದರಲ್ಲೇ ಉತ್ತರವಿದೆ.

ಹಾಕಿದಾಗ ಇದ್ದಷ್ಟೇ ಗಾತ್ರ, ಅಷ್ಟೇ ಗಟ್ಟಿ, ಉಗುರು ಊರಿದರೂ ಇಳಿಯದು — ಹಾಗಿದ್ದರೆ ನೀರು ಒಳಗೆ ಹೋಗಿಯೇ ಇಲ್ಲ. ಈ ಕುಟುಂಬದ ಒಣಬೀಜದ ಸಿಪ್ಪೆಗೆ ನೀರು ಇಳಿಯದ ಪದರವಿದೆ. ಕಾಡಿನಲ್ಲಿ ವರ್ಷಗಟ್ಟಲೆ ಮಣ್ಣಿನಲ್ಲಿ ಕಾದು ಕೂರಲು ಅದಕ್ಕದು ಬೇಕು, ಕುಂಡದಲ್ಲಿ ನಮಗೆ ಬೇಡ. ಬೀಜ ಸತ್ತಿಲ್ಲ. ತೊಳೆದು, ಒರೆಸಿ, ಕೆರೆದು ಮತ್ತೆ ಬಿತ್ತಿ.

ಕೆರೆಯುವ ಜಾಗ ಮುಖ್ಯ. ಬೀಜದ ಒಂದು ತುದಿಯಲ್ಲಿ ಚಿಕ್ಕ ಗುಳಿಯಂಥ ಕಣ್ಣಿದೆ, ಬೇರು ಹೊರಡುವುದು ಅದರ ಬಳಿಯಿಂದ. ಆ ಕಡೆ ಮುಟ್ಟಬೇಡಿ. ಅದರ ಎದುರಿನ ಉರುಟು ಬೆನ್ನನ್ನು ಸ್ಯಾಂಡ್ ಪೇಪರ್ ಮೇಲೋ ಸಣ್ಣ ಅರದ ಮೇಲೋ ಉಜ್ಜಿ. ಕಪ್ಪು ಸಿಪ್ಪೆ ಸವೆದು ಒಳಗಿನ ಬಿಳಿಚು ಬಣ್ಣ ಎಳ್ಳಿನಷ್ಟು ಕಂಡ ತಕ್ಷಣ ನಿಲ್ಲಿಸಿ. ಉಗುರು ಕಟರಿನಿಂದ ಚೂರು ಚಿವುಟಿದರೂ ಆಗುತ್ತದೆ, ಆದರೆ ಕೈ ಜಾರಿದರೆ ಒಳಗಿನ ಬೀಜದೆಲೆ ತುಂಡಾಗುತ್ತದೆ. ಬಳಿಕ ಬೆರಳಿಗೆ ಹಿತವೆನಿಸುವಷ್ಟೇ ಬೆಚ್ಚಗಿನ ನೀರಿನಲ್ಲಿ 8ರಿಂದ 12 ಗಂಟೆ ನೆನೆಸಿ. ಕುದಿನೀರು ಸುರಿಯುವ ಉಪಾಯವನ್ನು ಇದಕ್ಕೆ ಬಳಸಬೇಡಿ, ಅರ್ಧ ಬೀಜ ಬೆಂದುಹೋಗುತ್ತದೆ. ಉಬ್ಬಿ ಹೆಚ್ಚುಕಡಿಮೆ ಎರಡರಷ್ಟಾದವನ್ನು ಆಗಲೇ ಬಿತ್ತಿ. ಉಬ್ಬದವನ್ನು ಇನ್ನೊಮ್ಮೆ ಕೆರೆದು ಇನ್ನೂ 8 ಗಂಟೆ ನೆನೆಸಿ. ಒಟ್ಟು 24 ಗಂಟೆ ಮೀರಬಾರದು. ನೀರೊಳಗೆ ಬೀಜಕ್ಕೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಹೆವನ್ಲಿ ಬ್ಲೂ ಬೀಜದ ಸಿಪ್ಪೆ ಉಳಿದೆರಡರಷ್ಟು ಬಿರುಸಲ್ಲ, ಬರೀ ನೆನೆಸಿದರೂ ಹೆಚ್ಚಿನವು ಉಬ್ಬುತ್ತವೆ. ಆದ್ದರಿಂದ ಅದನ್ನು ಮೊದಲು ನೆನೆಸಿ, ಉಬ್ಬದೆ ಉಳಿದವನ್ನಷ್ಟೇ ಕೆರೆಯಿರಿ.

ಬೀಜ ಉಬ್ಬಿದೆ, ಆದರೆ ಒತ್ತಿದರೆ ಪಿಚ್ಚನೆ ಒಡೆದು ಗಬ್ಬು ನಾರುತ್ತದೆ ಎಂದರೆ ಕೊಳೆತಿದೆ. ಅತಿಯಾಗಿ ನೆನೆಸಿದ್ದೋ, ಮಣ್ಣು ಸದಾ ಜವುಳಾಗಿದ್ದದ್ದೋ ಕಾರಣ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ: ನೀರು ತೊಟ್ಟಿಕ್ಕಿದರೆ ಅದು ಬಿತ್ತುವ ಮಣ್ಣಲ್ಲ. 2 ಪಾಲು ಕೆಮ್ಮಣ್ಣು, 1 ಪಾಲು ದಪ್ಪ ಮರಳು, 1 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ತೊಳೆದ ತೆಂಗಿನ ನಾರಿನ ಪುಡಿ. ಹಸಿ ಸಗಣಿ ಸೇರಿದ ಗೊಬ್ಬರ ಬೇಡವೇ ಬೇಡ.

ಬೇರು ಹೊರಟು, ಬಿಳಿ ದಂಟು ಮಣ್ಣೊಳಗೇ ಬಾಗಿ ಸುರುಳಿಯಾಗಿದ್ದರೆ ಬೀಜ ಆಳಕ್ಕೆ ಹೋಗಿದೆ, ಇಲ್ಲವೇ ಮೇಲಿನ ಕೆಮ್ಮಣ್ಣು ಒಣಗಿ ಹೆಪ್ಪುಗಟ್ಟಿದೆ. 1.5 ಸೆಂ.ಮೀ. ಆಳ ಸಾಕು, 3 ಸೆಂ.ಮೀ. ದಾಟಬಾರದು. ಮೇಲಿನ ಪದರಕ್ಕೆ ಮರಳು ಬೆರೆಸಿದರೆ ಹೆಪ್ಪುಗಟ್ಟುವುದಿಲ್ಲ.

ಬೀಜವೇ ಸಿಗಲಿಲ್ಲವೇ? ಇಲಿಯ ಕೆಲಸ. ಕುಂಡದ ಮೇಲೆ ಸಣ್ಣ ಕಣ್ಣಿನ ತಂತಿಬಲೆ ಮುಚ್ಚಿ.

ಇಷ್ಟರ ಮೇಲೂ ಬೀಜದ ಮೇಲೇ ಅನುಮಾನವಿದ್ದರೆ ಒಂದೆರಡನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಒಳಗೆ ಬಿಳಿಚಾಗಿ ಗಟ್ಟಿಯಾಗಿ ತುಂಬಿದ್ದರೆ ಜೀವವಿರುವ ಸಂಭವ ಹೆಚ್ಚು. ಕಂದು ಪುಡಿಯಾಗಿದ್ದರೆ, ಟೊಳ್ಳಾಗಿದ್ದರೆ ಆ ಪೊಟ್ಟಣ ಬಿಟ್ಟುಬಿಡಿ. ಒಂದು ಎಚ್ಚರಿಕೆ: ಈ ಬೀಜಗಳು ವಿಷ. ಆಸಾಗಾವೊ ಬೀಜ ಜೋರು ಭೇದಿ ಹಿಡಿಸುತ್ತದೆ, ಹೆವನ್ಲಿ ಬ್ಲೂ ಬೀಜದಲ್ಲಿ ಮತಿಭ್ರಮೆ ತರುವ ರಾಸಾಯನಿಕಗಳಿವೆ. ಅಂಗಡಿಯ ಬೀಜಕ್ಕೆ ಶಿಲೀಂಧ್ರನಾಶಕ ಬಳಿದಿರುವುದೂ ಉಂಟು. ನೆನೆಸಿದ ಬಟ್ಟಲು ಮಕ್ಕಳ ಕೈಗೆ ಸಿಗಬಾರದು, ನೆನೆಸಿದ ನೀರನ್ನು ಕರುವಿನ ಬಾನಿಗೆ ಸುರಿಯಬಾರದು.

ಮೊಳೆತ ಸಸಿ ನಿಲ್ಲುತ್ತಿಲ್ಲ

ಬೀಜದೆಲೆಯ ಮೇಲೆ ಸಿಪ್ಪೆ ಟೋಪಿಯಂತೆ ಕಚ್ಚಿಕೊಂಡು ಎಲೆ ಬಿಚ್ಚದಿರುವುದು ತೀರಾ ಮೇಲುಮೇಲೆ ಬಿತ್ತಿದ್ದರ ಗುರುತು. ಮಣ್ಣನ್ನು ದೂಡಿಕೊಂಡು ಬರುವಾಗ ಸಿಪ್ಪೆ ಉಜ್ಜಿ ಕಳಚಬೇಕು. ಎರಡು ಹನಿ ನೀರು ಬಿಟ್ಟು, ಅರ್ಧ ಗಂಟೆ ಕಳೆದು, ಬೆರಳ ತುದಿಯಿಂದ ಸಡಿಲಿಸಿ. ಒಣಗಿದ್ದಾಗ ಎಳೆದರೆ ಎಲೆಯೇ ಕಿತ್ತುಬರುತ್ತದೆ.

ದಂಟು ಮಣ್ಣಿನ ಮಟ್ಟದಲ್ಲಿ ದಾರದಂತೆ ತೆಳ್ಳಗಾಗಿ ಕಂದು ಬಣ್ಣಕ್ಕೆ ತಿರುಗಿ ಸಸಿ ಪಕ್ಕಕ್ಕೆ ಬಿದ್ದರೆ ಅದು ಬುಡಕೊಳೆ. ಪಿಥಿಯಂ, ರೈಜೋಕ್ಟೋನಿಯಾ ಎಂಬ ರೋಗಾಣುಗಳ ಕೆಲಸ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಸುತ್ತಲಿನ ಒಂದು ಹಿಡಿ ಮಣ್ಣಿನ ಸಮೇತ ತೆಗೆದು ದೂರ ಹಾಕಿ. ಉಳಿದವನ್ನು ಮಳೆ ಬೀಳದ, ಬೆಳಕು ಗಾಳಿ ಇರುವ ಜಗಲಿಯ ಅಂಚಿಗೆ ತನ್ನಿ. ಸೂರಿನ ನೀರು ಬೀಳುವ ಸಾಲಿನಲ್ಲಿ ಕುಂಡ ಇಡುವುದೇ ಮಲೆನಾಡಿನ ಮನೆಗಳಲ್ಲಿ ಬುಡಕೊಳೆಗೆ ಮೊದಲ ಕಾರಣ. ಮೇಲ್ಮಣ್ಣು ಅರ್ಧ ಇಂಚು ಒಣಗುವ ತನಕ ನೀರು ಬೇಡ. ಮುಂದಿನ ಬಿತ್ತನೆಗೆ 1 ಕೆ.ಜಿ. ಕಳಿತ ಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮಾ (ರೋಗಾಣುಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರದ ಪುಡಿ) ಬೆರೆಸಿ, ತೇವವಾಗಿ ಮುಚ್ಚಿ ನೆರಳಿನಲ್ಲಿ ಒಂದು ವಾರ ಇಟ್ಟು ಮಣ್ಣಿಗೆ ಸೇರಿಸಿ. ಅಡಕೆ ತೋಟಕ್ಕೆ ತಂದದ್ದರಲ್ಲೇ ಒಂದು ಚಿಟಿಕೆ ಉಳಿದಿರುತ್ತದೆ. ಆದರೆ ಟ್ರೈಕೋಡರ್ಮಾ ಹಾಕಿದ ಮಣ್ಣಿಗೆ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಸುರಿಯಬೇಡಿ, ತಾಮ್ರ ಅದನ್ನೂ ಕೊಲ್ಲುತ್ತದೆ.

ದಂಟು ಕೊಳೆತಿಲ್ಲ, ಕತ್ತರಿಸಿದಂತಿದೆ, ಎಲೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಲೋಳೆಯ ಗೆರೆ ಇದೆ ಎಂದರೆ ಬಸವನಹುಳು. ಆಫ್ರಿಕದ ದೈತ್ಯ ಬಸವನಹುಳು ಈಗ ತೋಟಗಳಿಗೂ ನುಗ್ಗಿದೆ, ಒಂದೇ ರಾತ್ರಿಗೆ ಹತ್ತಾರು ಸಸಿ ಮುಗಿಸುತ್ತದೆ. ಬೂದಿಯ ಗೆರೆ, ಸುಣ್ಣದ ಗೆರೆ ಒಣ ಹವೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ, ಒಂದು ಮಳೆಗೆ ತೊಳೆದುಹೋಗುತ್ತದೆ. ಸಂಜೆ ಪಪ್ಪಾಯಿ ಎಲೆ ಇಲ್ಲವೇ ಕೋಸಿನ ಹೊರ ಎಲೆಯನ್ನು ನೆಲಕ್ಕೆ ಕವುಚಿ, ರಾತ್ರಿ 9ರ ನಂತರ ಟಾರ್ಚ್ ಹಿಡಿದು ಹೋಗಿ ಅಡಿಯಲ್ಲಿ ಸೇರಿದ್ದನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು ಖಾತ್ರಿ ದಾರಿ. ಬರಿಗೈಯಲ್ಲಿ ಮುಟ್ಟಬೇಡಿ, ಅದರಲ್ಲಿ ಮನುಷ್ಯನಿಗೆ ತಗಲುವ ಪರಾವಲಂಬಿ ಹುಳ ಇರಬಹುದು. ಬಸವನಹುಳು ಕೊಲ್ಲಲು ಬಳಸುವ ಮೆಟಾಲ್ಡಿಹೈಡ್ ಗುಳಿಗೆ ನಾಯಿ, ಬೆಕ್ಕು, ದನಗಳಿಗೂ ವಿಷ. ಅವು ತಿರುಗುವ ಅಂಗಳದಲ್ಲಿ ಚೆಲ್ಲಬೇಡಿ.

ಕುಂಡದಲ್ಲಿ ಚೆನ್ನಾಗಿದ್ದ ಸಸಿ ನೆಲಕ್ಕೆ ನೆಟ್ಟ ಮೇಲೆ ಮುರುಟಿ ನಿಂತುಬಿಡುವುದು ತಾಯಿಬೇರು ಮುರಿದದ್ದರಿಂದ. ಈ ಬಳ್ಳಿಗೆ ಕೀಳುವುದು, ನೆಡುವುದು ಎರಡೂ ಆಗದು. ನೇರ ಜಾಗಕ್ಕೇ ಬಿತ್ತುವುದು ಒಳ್ಳೆಯದು. ಮಳೆಯಿಂದ ಅದು ಆಗದಿದ್ದರೆ ಅಡಕೆ ಹಾಳೆಯನ್ನು ನೀರಿನಲ್ಲಿ ಮೆತ್ತಗಾಗಿಸಿ 10 ಸೆಂ.ಮೀ. ಆಳದ ಕೊಟ್ಟೆ ಮಾಡಿ, ಅಡಿಗೆ ದೊಡ್ಡ ತೂತಿಟ್ಟು, ಒಂದರಲ್ಲಿ ಎರಡು ಬೀಜ ಹಾಕಿ. ಎರಡು ನಿಜವಾದ ಎಲೆ ಬಂದ ಕೂಡಲೇ ದುರ್ಬಲವಾದದ್ದನ್ನು ಕತ್ತರಿಯಿಂದ ಕತ್ತರಿಸಿ (ಕೀಳಬೇಡಿ), ಉಳಿದದ್ದನ್ನು ಕೊಟ್ಟೆಯ ಅಡಿ ಹರಿದು ಹಾಗೆಯೇ ನೆಲಕ್ಕೆ ಇಳಿಸಿ. ನಾಲ್ಕೈದು ಎಲೆ ಆಗುವವರೆಗೆ ಕಾದರೆ ಬೇರು ಒಳಗೇ ಸುತ್ತಿಕೊಳ್ಳುತ್ತದೆ.

ಬಳ್ಳಿ ಹತ್ತುತ್ತಿಲ್ಲ

ಇದಕ್ಕೆ ಅಂಟುವ ಬೇರೂ ಇಲ್ಲ, ಹಾಗಲದಂಥ ತಂತುವೂ ಇಲ್ಲ. ದಂಟೇ ಸುತ್ತಬೇಕು. ಗೋಡೆ, ಅಡಕೆ ಮರ, ದಪ್ಪ ಪೈಪು ಇದಕ್ಕೆ ಸಿಗುವುದಿಲ್ಲ. ಬೆರಳು ಗಾತ್ರದ ದಬ್ಬೆ, ವಾಟೆ, ಇಲ್ಲವೇ ಬಿಗಿಯಾಗಿ ಕಟ್ಟಿದ ಕತ್ತದ ಹಗ್ಗ ಒಳ್ಳೆಯದು. ನೈಲಾನ್ ದಾರದಲ್ಲಿ ಜಾರುತ್ತದೆ. ಬಳ್ಳಿ 3 ಮೀಟರ್ ಸಲೀಸಾಗಿ ಏರುತ್ತದೆ, ಹೊರೆ ತಡೆಯುವಂತೆ ಕಟ್ಟಿ. ಕೈಯಿಂದ ಸುತ್ತಿಬಿಟ್ಟದ್ದು ಮಾರನೆಯ ದಿನ ಬಿಚ್ಚಿಕೊಂಡಿದ್ದರೆ ತಿರುವು ತಪ್ಪಿದೆ. ಮೇಲಿನಿಂದ ನೋಡಿದಾಗ ಇದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತದೆ. ಹಾಗೆಯೇ ಸುತ್ತಿಕೊಡಿ.

ಎಲೆ ಹೇಳುವ ಸುದ್ದಿ

ಮಧ್ಯಾಹ್ನ ಎಲೆ ಜೋತುಬಿದ್ದದ್ದೇ ನೀರು ಹಾಕಲು ಓಡಬೇಡಿ. ಹೆವನ್ಲಿ ಬ್ಲೂ ಎಲೆ ಅಗಲವಾದ್ದರಿಂದ ಬಿಸಿಲಿಗೆ ಜೋಲುತ್ತದೆ, ಸಂಜೆ 5ಕ್ಕೆ ನೆಟ್ಟಗಾಗುತ್ತದೆ. ಸಂಜೆಗೂ ಏಳದಿದ್ದರೆ ಎರಡು ಇಂಚು ಆಳಕ್ಕೆ ಬೆರಳಿಟ್ಟು ನೋಡಿ. ಒಣಗಿದ್ದರೆ ನೀರು ಕೊಡಿ. ಹಸಿಯಾಗಿದ್ದೂ ಬಾಡಿದ್ದರೆ ದೋಷ ಬೇರಿನಲ್ಲಿದೆ: ಬೇರು ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಬಂದರೆ ಕೊಳೆ, ಸಣ್ಣ ಸಣ್ಣ ಗಂಟುಗಳಿದ್ದರೆ ಮಣ್ಣಿನ ಜಂತುಹುಳು (ನೆಮಟೋಡ್). ಗಂಟುಬೇರಿನ ಮಣ್ಣಿನಲ್ಲಿ ಮುಂದಿನ ವರ್ಷ ಈ ಬಳ್ಳಿಯನ್ನೂ ಗೆಣಸನ್ನೂ ಹಾಕದೆ ಚೆಂಡುಹೂ ಬೆಳೆಯಿರಿ, ಗುಣಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ.

ಮಳೆಗಾಲದಲ್ಲಿ ಕೆಳಗಿನ ಎಲೆ ಇಡಿಯಾಗಿ ಹಳದಿಯಾಗುವುದು ಹೆಚ್ಚಾಗಿ ನೀರು ಬಸಿಯದೆ. ಕುಂಡದ ತೂತನ್ನು ಕಡ್ಡಿಯಿಂದ ಚುಚ್ಚಿ ನೋಡಿ, ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಏರಿಸಿ. ನೆಲದಲ್ಲಾದರೆ ಒಂದು ಅಡಿ ಎತ್ತರದ ಏರುಮಡಿ ಬೇಕೇ ಬೇಕು. ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿ, ಅದೂ ಹಳೆಯ ಎಲೆಯಲ್ಲಿ ಎಂದರೆ ಮೆಗ್ನೀಸಿಯಂ ಕೊರತೆ. ಜಂಬಿಟ್ಟಿಗೆ ನೆಲದ ಹುಳಿ ಮಣ್ಣಿನಿಂದ ಮಳೆ ಅದನ್ನು ತೊಳೆದೊಯ್ದಿರುತ್ತದೆ. ಲೀಟರ್ ನೀರಿಗೆ 5 ಗ್ರಾಂ ಎಪ್ಸಮ್ ಸಾಲ್ಟ್ ಕರಗಿಸಿ, ಮಳೆ ಹೊಳವಾದ ಸಂಜೆ ಎಲೆಗೆ ಸಿಂಪಡಿಸಿ, 15 ದಿನ ಬಿಟ್ಟು ಇನ್ನೊಮ್ಮೆ. ಮೂಲ ಪರಿಹಾರ ಸುಣ್ಣ: ಮಣ್ಣು ಪರೀಕ್ಷೆಯಲ್ಲಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕಡಿಮೆ ಬಂದರೆ ಬಿತ್ತುವ ಮೂರು ವಾರ ಮುಂಚೆ ಚದರ ಮೀಟರಿಗೆ 100ರಿಂದ 150 ಗ್ರಾಂ ಡಾಲಮೈಟ್ ಬೆರೆಸಿ. ಅದರಲ್ಲಿ ಮೆಗ್ನೀಸಿಯಮ್ಮೂ ಇದೆ.

ಡಿಸೆಂಬರ್–ಜನವರಿಯ ಚಳಿಯಲ್ಲಿ ಹೆವನ್ಲಿ ಬ್ಲೂ ಚಿಗುರು ಬಿಳಿಚಿಕೊಂಡರೆ ಅದು ರೋಗವಲ್ಲ. ತಣ್ಣನೆಯ ರಾತ್ರಿಗಳಲ್ಲಿ ಎಳೆ ಎಲೆ ಹಸಿರು ಕಟ್ಟುವುದಿಲ್ಲ. ಗೊಬ್ಬರ ಹಾಕಿದರೆ ಪ್ರಯೋಜನವಿಲ್ಲ, ಬೆಳಗಿನ ಬಿಸಿಲು ಬೀಳುವ ಗೋಡೆಯ ಬದಿಗೆ ಸರಿಸಿ.

ಎಲೆಯಲ್ಲಿ ಗುಂಡಗಿನ ತೂತುಗಳಿದ್ದು, ಆಮೆಯ ಚಿಪ್ಪಿನಂತೆ ಹೊಳೆಯುವ ಪುಟ್ಟ ಜೀರುಂಡೆ ಕೂತಿದ್ದರೆ ಅದು ಗೆಣಸಿನ ಎಲೆಗೂ ಬರುವ ಆಮೆ ಜೀರುಂಡೆ. ಬೆಳಗ್ಗೆ ಚಳಿಗೆ ಮಂಕಾಗಿರುವಾಗ ಕೈಯಲ್ಲೇ ಆರಿಸಿ. ಒಂದೇ ರಾತ್ರಿಗೆ ಎಲೆಗಳು ದಂಟು ಮಾತ್ರ ಉಳಿದು, ಕೆಳಗೆ ಕಪ್ಪು ಹಿಕ್ಕೆ ಬಿದ್ದಿದ್ದರೆ ಬಾಲದಲ್ಲಿ ಕೊಂಬಿರುವ ಬೆರಳು ಗಾತ್ರದ ಕಂಬಳಿಹುಳುವಲ್ಲದ ನುಣ್ಣನೆಯ ಹುಳುವನ್ನು ಹುಡುಕಿ. ಒಂದೆರಡೇ ಇರುತ್ತವೆ. ಔಷಧಿ ಹೊಡೆಯುವ ಕೆಲಸವಲ್ಲ.

ಎಲೆಯ ಮೇಲೆ ಹಳದಿ ಚುಕ್ಕೆ, ತಿರುವಿದರೆ ಅದೇ ಜಾಗದಲ್ಲಿ ಬಿಳಿ ಗುಳ್ಳೆ — ಇದು ಬಿಳಿ ತುಕ್ಕು, ನಮ್ಮ ಹವೆಯಲ್ಲಿ ಬೇಗ ಹರಡುತ್ತದೆ. ಮೊದಲ ಎಲೆಗಳನ್ನು ಕಂಡ ದಿನವೇ ಕಿತ್ತು ಸುಡಿ, ಬಳ್ಳಿಗಳ ನಡುವೆ ಒಂದಡಿಯಾದರೂ ಅಂತರವಿರಲಿ. ಅದಕ್ಕೂ ಬಗ್ಗದಿದ್ದರೆ ಬೋರ್ಡೋ, ಆದರೆ ಕೊಳೆರೋಗಕ್ಕೆ ಅಡಕೆ ಗೊನೆಗೆ ಹೊಡೆಯುವ 1 ಶೇಕಡದ್ದಲ್ಲ, ಅರ್ಧ ಶೇಕಡದ್ದು. 5 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 5 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ, ಪ್ಲಾಸ್ಟಿಕ್ ಪಾತ್ರೆಗಳಲ್ಲೇ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು. ಅದೇ ದಿನ ಮುಗಿಸಿ. ತೋಟದಲ್ಲಿ ನಿನ್ನೆ ಉಳಿದದ್ದನ್ನು ತಂದು ಹೊಡೆಯಬೇಡಿ. ಮೋಡ ಮುಸುಕಿ ಎಲೆ ಒಣಗದ ದಿನ ಹೊಡೆದರೆ ತಾಮ್ರ ಎಳೆ ಎಲೆಯನ್ನು ಸುಡುತ್ತದೆ, ಹೊಳವಾದ ಬೆಳಗ್ಗೆಯೇ ಆಗಬೇಕು.

ಬಳ್ಳಿ ಭರ್ಜರಿ, ಹೂ ಇಲ್ಲ

ಹೆಚ್ಚು ಜನ ಕೇಳುವ ದೋಷ ಇದು, ಹೆಚ್ಚು ತಪ್ಪಾಗಿ ಚಿಕಿತ್ಸೆಯಾಗುವುದೂ ಇದೇ. ಹೂ ಬರಲಿಲ್ಲವೆಂದು ಗೊಬ್ಬರ ಹಾಕುತ್ತಾರೆ, ಗೊಬ್ಬರದಿಂದಲೇ ಹೂ ಇನ್ನೂ ದೂರವಾಗುತ್ತದೆ.

ಎಲೆ ಅಂಗೈಗಿಂತ ದೊಡ್ಡದಾಗಿ ಕಡುಹಸಿರಾಗಿದ್ದು, ಗಿಣ್ಣಿನಿಂದ ಗಿಣ್ಣಿಗೆ ಉದ್ದಕ್ಕೆ ಬೆಳೆಯುತ್ತಿದ್ದರೆ ಸಾರಜನಕ ಮಿತಿಮೀರಿದೆ. ಕೊಟ್ಟಿಗೆಯ ಪಕ್ಕ, ಗೊಬ್ಬರ ಗುಂಡಿಯ ಅಂಚು, ಬಚ್ಚಲ ನೀರು ಹರಿಯುವ ಬಾಳೆಯ ಬುಡ — ಇಲ್ಲೆಲ್ಲ ನೆಟ್ಟ ಬಳ್ಳಿ ಚಪ್ಪರ ತುಂಬುತ್ತದೆ, ಮೊಗ್ಗು ಕೊಡುವುದಿಲ್ಲ. 12 ಇಂಚಿನ ಕುಂಡಕ್ಕೆ ಬಿತ್ತುವಾಗ ಹಾಕಿದ ಗೊಬ್ಬರವೇ ಮೊದಲ ಎರಡು ತಿಂಗಳಿಗೆ ಸಾಕು. ಸಗಣಿ ನೀರು, ಯೂರಿಯಾ, ಹಿಂಡಿ ಎಲ್ಲ ನಿಲ್ಲಿಸಿ. ಕುಂಡವಾದರೆ ಒಮ್ಮೆ ಅದರ ಎರಡರಷ್ಟು ನೀರು ಹಾಯಿಸಿ ಗೊಬ್ಬರದ ಉಪ್ಪನ್ನು ತೊಳೆಯಿರಿ, ನಂತರ ಮೇಲ್ಮಣ್ಣು ಒಣಗುವವರೆಗೆ ಕಾದು ನೀರು ಕೊಡಿ. ತಿಂಗಳಿಗೊಮ್ಮೆ ಒಂದು ಹಿಡಿ ಒಲೆ ಬೂದಿ ಸಾಕು.

ಎಲೆ ಸಾಧಾರಣವಾಗಿದ್ದು ಬಳ್ಳಿ ತೆಳ್ಳಗೆ ಎಳೆದುಕೊಂಡಿದ್ದರೆ ಬಿಸಿಲು ಸಾಲದು. ಇದಕ್ಕೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಅಡಕೆ ತೋಟದೊಳಗೆ ಕಾಳುಮೆಣಸು ಸುಖವಾಗಿರುತ್ತದೆ, ಇದು ಇರದು.

ಗೊಬ್ಬರವೂ ಸರಿ, ಬಿಸಿಲೂ ಸರಿ, ಆದರೂ ಹೂ ಇಲ್ಲವೆಂದರೆ ಸಂಜೆ ಮೇಲೆ ಹೋಗಿ ನೋಡಿ. ಇವು ಉದ್ದ ರಾತ್ರಿ ಬೇಡುವ ಗಿಡಗಳು. ಅದರಲ್ಲೂ ಆಸಾಗಾವೊ, ಹಗಲು–ರಾತ್ರಿಯ ಉದ್ದ ಹೂವನ್ನು ಹೇಗೆ ನಡೆಸುತ್ತದೆ ಎಂಬುದನ್ನು ಸಸ್ಯವಿಜ್ಞಾನಿಗಳು ಅಧ್ಯಯನ ಮಾಡಿದ ಮಾದರಿ ಗಿಡ. ಸುಮಾರು 9–10 ಗಂಟೆಯ ಎಡೆಬಿಡದ ಕತ್ತಲು ಸಿಕ್ಕಿದರೆ ಅದಕ್ಕೆ ಮೊಗ್ಗಿನ ಸೂಚನೆ. ಉತ್ತರದ ದೇಶಗಳಲ್ಲಿ ಬೇಸಿಗೆಯ ರಾತ್ರಿ ಗಿಡ್ಡವಾದ್ದರಿಂದ ಹೂವಿಗೆ ಕಾಯಬೇಕಾಗುತ್ತದೆ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮೀರದು, ಅತಿ ಗಿಡ್ಡದ್ದು 11 ಗಂಟೆ 20 ನಿಮಿಷದ ಸುಮಾರು. ಅಂದರೆ ನಮ್ಮ ರಾತ್ರಿ ವರ್ಷವಿಡೀ ಸಾಕಷ್ಟು ಉದ್ದವೇ ಇದೆ. ಅದನ್ನು ಮುರಿಯುವುದು ಬೀದಿದೀಪ, ಗೇಟಿನ ಎಲ್‌ಇಡಿ, ಜಗಲಿಯ ಟ್ಯೂಬ್‌ಲೈಟ್. ನಡುರಾತ್ರಿಯ ಕೆಲವೇ ನಿಮಿಷದ ಬೆಳಕೂ ಇಡೀ ರಾತ್ರಿಯ ಲೆಕ್ಕವನ್ನು ಕೆಡಿಸಬಲ್ಲದು. ಪರೀಕ್ಷೆ ಸುಲಭ: ದೀಪದ ಕಡೆಯ ಬಳ್ಳಿಯಲ್ಲಿ ಹೂವಿಲ್ಲದೆ ಮಾಡಿನ ಮರೆಯ ಬಳ್ಳಿಯಲ್ಲಿ ಮೊಗ್ಗಿದ್ದರೆ ಸಂಶಯವೇ ಬೇಡ. ಕುಂಡವನ್ನು ಮನೆಯ ಹಿಂಬದಿಗೆ ಸರಿಸಿ, ಇಲ್ಲವೇ ದೀಪಕ್ಕೆ ಮರೆ ಕಟ್ಟಿ. ಮೂರರಿಂದ ನಾಲ್ಕು ವಾರದಲ್ಲಿ ಮೊಗ್ಗು ಕಾಣಬೇಕು.

ಇದಕ್ಕೆ ತದ್ವಿರುದ್ಧದ ದೋಷವೂ ಇದೆ. ಆಸಾಗಾವೊ ಸಸಿ ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟಿ ಬೆಳವಣಿಗೆ ನಿಲ್ಲಿಸುತ್ತದೆ. ಇದೂ ನಮ್ಮ ಉದ್ದ ರಾತ್ರಿಯದೇ ಫಲ. ಮೊದಲ ಮೊಗ್ಗುಗಳನ್ನು ಚಿವುಟಿ, 5–6 ಎಲೆ ಆದಾಗ ಕುಡಿಯನ್ನೂ ಚಿವುಟಿದರೆ ಪಕ್ಕದ ಕವಲು ಹೊರಡುತ್ತದೆ. ಇನ್ನೂ ಒಳ್ಳೆಯ ಉಪಾಯ, ಸಸಿಗಳನ್ನು ಮೊದಲ ಮೂರು ವಾರ ಜಗಲಿಯ ದೀಪದಡಿಯೇ ಇಟ್ಟು, ಬಳ್ಳಿ ಬೆಳೆದ ಮೇಲೆ ಕತ್ತಲಿಗೆ ಸರಿಸುವುದು. ಹೂವನ್ನು ತಡೆಯುವ ದೀಪವೇ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೊಗ್ಗಿದೆ, ಆದರೆ ಬೆಳಗ್ಗೆ ಅರಳಿರುವುದಿಲ್ಲ ಎಂಬ ದೂರಿಗೂ ದೀಪ ಕಾರಣವಿರಬಹುದು. ಆಸಾಗಾವೊ ಮೊಗ್ಗು ಅರಳುವುದು ಕತ್ತಲಾಗಿ ಸುಮಾರು 10 ಗಂಟೆ ಕಳೆದ ಮೇಲೆ. ರಾತ್ರಿ 11ರವರೆಗೆ ದೀಪವಿದ್ದರೆ ಅರಳುವ ಹೊತ್ತೂ ಅಷ್ಟು ಮುಂದೆ ಹೋಗುತ್ತದೆ. ಅರಳಿದ್ದು ಮಧ್ಯಾಹ್ನಕ್ಕೇ ಬಾಡುವುದು ಮಾತ್ರ ಅದರ ಗುಣ. ಮೋಡದ ದಿನ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ.

ಬಣ್ಣ ಬೇರೆ ಬಂದಿದೆ

ಮಲೆನಾಡಿನ ಅಂಗಳದಲ್ಲಿ ಹೈಡ್ರೇಂಜಿಯ ಬೆಳೆಸಿದವರಿಗೆ ಹುಳಿ ಮಣ್ಣು ಹೂವನ್ನು ನೀಲಿಯಾಗಿಸುತ್ತದೆ ಎಂದು ಗೊತ್ತು. ಅದೇ ಲೆಕ್ಕದಲ್ಲಿ ಮಾರ್ನಿಂಗ್ ಗ್ಲೋರಿಗೆ ಸುಣ್ಣವನ್ನೋ ಪಟಿಕವನ್ನೋ ಹಾಕಬೇಡಿ, ಇದರ ಬಣ್ಣ ಮಣ್ಣಿಗೆ ಬಗ್ಗುವುದಿಲ್ಲ. ಹೆವನ್ಲಿ ಬ್ಲೂ ಮೊಗ್ಗು ಕೆನ್ನೇರಳೆಯಾಗಿದ್ದು ಅರಳುವಾಗ ನೀಲಿಯಾಗುತ್ತದೆ. ದಳದ ಕೋಶಗಳೊಳಗಿನ ರಸದ ಪಿಎಚ್ 6.6ರಿಂದ 7.7ಕ್ಕೆ ಏರುವುದರಿಂದ ಅದೇ ವರ್ಣದ್ರವ್ಯ ಬಣ್ಣ ಬದಲಿಸುತ್ತದೆ. ಈ ಏರಿಕೆಯನ್ನು ಗಿಡವೇ ಒಳಗಿಂದ ನಡೆಸುತ್ತದೆ. ಬಾಡುವಾಗ ಮತ್ತೆ ನೇರಳೆಗೆ ತಿರುಗುವುದೂ ಸಹಜ.

ಬಿಳಿ ಹೂವಿನಲ್ಲಿ ನೀಲಿ ಗೆರೆ, ಚುಕ್ಕೆ ಬಂದರೆ ವೈರಸ್ಸೆಂದು ಕಿತ್ತೆಸೆಯಬೇಡಿ. ಎಲೆ ಆರೋಗ್ಯವಾಗಿದ್ದರೆ ಅದು ಜಾಗ ಬದಲಿಸುವ ಜೀನಿನ ಕೆಲಸ, ಹಳೆಯ ತಳಿಗಳ ಸೊಬಗೇ ಅದು. ಎಲೆಯೂ ಮುರುಟಿ ಮಚ್ಚೆಯಾಗಿದ್ದರೆ ಮಾತ್ರ ವೈರಸ್ಸಿನ ಸಂಶಯ. ಆಗ ಬಿಳಿನೊಣವಿದೆಯೇ ನೋಡಿ ಗಿಡ ಸುಡಿ.

ಕಳೆದ ವರ್ಷ ಉಳಿಸಿದ ಬೀಜದಿಂದಲೇ ಬೇರೆ ಬಣ್ಣ ಬಂದಿದ್ದರೆ ದುಂಬಿ ಬೆರೆಸಿದೆ. ಮೂರು ಜಾತಿಗಳು ಪರಸ್ಪರ ಬೆರೆಯುವ ಭಯವಿಲ್ಲ, ಒಂದೇ ಜಾತಿಯ ಎರಡು ತಳಿ ಹತ್ತಿರವಿದ್ದರೆ ಬೆರೆಯುತ್ತವೆ. ಗ್ರಾಂಡ್‌ಪಾ ಆಟ್ಸ್ ಇರುವ ಪರ್ಪ್ಯುರಿಯಾ ಜಾತಿಯಲ್ಲಿ ಇದು ಹೆಚ್ಚು. ತಳಿ ಶುದ್ಧವಾಗಿರಬೇಕೆಂದರೆ ನಾಳೆ ಅರಳುವ ಮೊಗ್ಗಿಗೆ ಇಂದು ಸಂಜೆಯೇ ತೆಳು ಬಟ್ಟೆಯ ಚೀಲ ಕಟ್ಟಿ. ಬೆಳಗ್ಗೆ ಚೀಲ ಬಿಚ್ಚಿ ಅದೇ ಹೂವಿನ ಪರಾಗವನ್ನು ಸಣ್ಣ ಕುಂಚದಿಂದ ನಡುವಿನ ಶಲಾಕೆಯ ತುದಿಗೆ ಸೋಕಿಸಿ ಮತ್ತೆ ಕಟ್ಟಿ, ಹೂ ಉದುರಿದ ಮೇಲೆ ಆ ತೊಟ್ಟಿಗೆ ಬಣ್ಣದ ನೂಲು ಕಟ್ಟಿ ಗುರುತಿಡಿ.

ಕಾಯಿ ಕಟ್ಟಿದೆ, ಬೀಜ ಕೆಡುತ್ತಿದೆ

ಕಾಯಿ ಬಲಿಯಲು 4ರಿಂದ 6 ವಾರ ಬೇಕು. ಕಾಗದದಂತೆ ಒಣಗಿ ಕಂದಾದಾಗ ಆಸಾಗಾವೊ, ಪರ್ಪ್ಯುರಿಯಾದಲ್ಲಿ 6ರವರೆಗೆ, ಹೆವನ್ಲಿ ಬ್ಲೂನಲ್ಲಿ 4ರವರೆಗೆ ಬೀಜ ಸಿಗುತ್ತದೆ. ಹಸಿರು ಕಾಯಿ ಕಿತ್ತರೆ ಒಳಗೆ ಬಿಳಿ ಮೆತ್ತನೆ ಬೀಜ, ಒಣಗಿಸಿದರೆ ಮುರುಟುತ್ತದೆ. ಅಕಾಲ ಮಳೆ ಹಿಡಿದರೆ ಹುಲ್ಲಿನ ಬಣ್ಣಕ್ಕೆ ತಿರುಗಿದ ಕಾಯಿಗಳನ್ನು ತೊಟ್ಟು ಸಮೇತ ಕತ್ತರಿಸಿ ಒಳಗೆ ತೂಗುಹಾಕಿ. ಬಳ್ಳಿಯಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ಮುಂದಿನ ಮಳೆಗಾಲ ದಾಟಿಸುವುದು ನಿಜವಾದ ಕಷ್ಟ. ನೆರಳಿನಲ್ಲಿ 10 ದಿನ ಒಣಗಿಸಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿಟ್ಟು, ತಳಿಯ ಹೆಸರು, ವರ್ಷ ಬರೆದು, ಅಡಿಯಲ್ಲಿ ಎರಡು ಇಂಚು ಒಣಬೂದಿ ಇಲ್ಲವೇ ಸಿಲಿಕಾ ಜೆಲ್ ಹಾಕಿದ ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಜೂನ್ ಬರುವ ಮುಂಚೆಯೇ ಮುಚ್ಚಬೇಕು, ಮಳೆ ಹಿಡಿದ ಮೇಲೆ ತೆರೆದರೆ ಗಾಳಿಯ ತೇವ ಒಳಗೆ ಸೇರುತ್ತದೆ. ಹೀಗಿಟ್ಟದ್ದು ಮೂರು ನಾಲ್ಕು ವರ್ಷ ಮೊಳೆಯುತ್ತದೆ.

ಬೇಡದ ಕಾಯಿಗಳನ್ನು ಬಲಿಯುವ ಮೊದಲೇ ಕಿತ್ತುಬಿಡಿ. ಉದುರಿದ ಬೀಜ ವರ್ಷಗಳ ನಂತರವೂ ಹುಟ್ಟಿ ತರಕಾರಿ ಮಡಿಗೆ, ತೋಟದ ಬೇಲಿಗೆ ಹಬ್ಬುತ್ತದೆ. ಮುಗಿದ ಬಳ್ಳಿಯನ್ನು ದನಕ್ಕೆ ಹಾಕದೆ, ಹಳ್ಳದ ದಂಡೆಗೆ ಎಸೆಯದೆ, ಬೀಜವಿದ್ದರೆ ಸುಟ್ಟು, ಇಲ್ಲದಿದ್ದರೆ ಗೊಬ್ಬರ ಗುಂಡಿಗೆ ಸೇರಿಸಿ.